ಸಾಲಿನ ಕೊನೆಯ ಅರೆ ಸೆಕೆಂಡು

ಪ್ರತಿ ಸಾಲಿನ ಕೊನೆಗೆ ಬರುವ ಆ ಅರೆ ಸೆಕೆಂಡಿನ ಮೌನವನ್ನು ಮಾಡಿದವಳು ನಾನೇ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಾಲ್ಕು ಜನರೆದುರು ಹೇಳಿಯೂ ಇದ್ದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಗೆ ಮುಕ್ತ ತಂತ್ರಾಂಶ ಎಂದರೇನೆಂದು ವಿವರಿಸುವಾಗ ಅದೊಂದು ಒಳ್ಳೆಯ ಕಥೆಯಾಗಿ ಒದಗುತ್ತಿತ್ತು: ಕಡಬದಲ್ಲಿ ಕಣ್ಣು ಕಾಣದ ಒಬ್ಬರು ಅಕ್ಕ ಇದ್ದಾರೆ, ಅವರಿಗೋಸ್ಕರ ನಾನು ಒಂದು ಪ್ರೋಗ್ರಾಮಿಗೆ ಸುಮ್ಮನಿರುವುದನ್ನು ಕಲಿಸಿದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಈಗ ಯೋಚಿಸಿದರೆ, ಆ ಅರಳಿದ ಕಣ್ಣುಗಳನ್ನೂ ನಾನೇ ಆಮೇಲೆ ಸೇರಿಸಿರಬಹುದು.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವಳು. ಬಿಡುವಿನಲ್ಲಿ ಮಾಡುವ ಕೆಲಸ ಇನ್ನೊಂದಿದೆ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಈ ಮುಕ್ತ ತಂತ್ರಾಂಶ ಬರೆಯುವವರು ಲೋಕದ ಎಲ್ಲೆಲ್ಲೋ ಇರುತ್ತಾರೆ. ಅವರು ಬರೆದದ್ದು ನೇರವಾಗಿ ನಮ್ಮ ಯಂತ್ರಕ್ಕೆ ಬರುವುದು ಕಡಿಮೆ. ನಡುವೆ ವಿತರಣೆಯವರು ಇದ್ದಾರೆ. ಸಾವಿರಾರು ಪ್ರೋಗ್ರಾಮುಗಳನ್ನು ಒಟ್ಟುಮಾಡಿ, ಒಂದಕ್ಕೊಂದು ಹೊಂದುವಂತೆ ಕಟ್ಟಿ, ಪ್ಯಾಕೇಜ್ ಮಾಡಿ ಹಂಚುವುದು ಅವರ ಕೆಲಸ. ಕಟ್ಟುವಾಗ ಅಲ್ಲಲ್ಲಿ ತಮ್ಮದೊಂದು ತಿದ್ದುಪಡಿಯ ತೇಪೆ ಹಾಕುತ್ತಾರೆ. ಹಾಗಾಗಿ ಮೂಲದವರು ಬರೆದದ್ದೂ ನಮ್ಮ ಕೈಗೆ ಬಂದದ್ದೂ ಪೂರ್ತಿ ಒಂದೇ ಅಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಎರಡನ್ನೂ ಪಕ್ಕಪಕ್ಕ ಓಡಿಸಿ, ಎಲ್ಲಿ ವ್ಯತ್ಯಾಸ ಇದೆ, ಹಳೆಯ ತೇಪೆ ಇನ್ನೂ ಬೇಕೇ, ತೆಗೆಯಬಹುದೇ ಎಂದು ಯಾರಾದರೂ ನೋಡಿ ಬರೆಯಬೇಕು. ಕೆಲವು ಪ್ಯಾಕೇಜುಗಳಿಗೆ ಆ ಯಾರಾದರೂ ಎಂದರೆ ನಾನು.

ಈ ಕೆಲಸದಲ್ಲಿ ಒಂದು ಜೊಂಪು ಇದೆ. ಒಂದೇ ತರಹದ ಎರಡು ವಸ್ತುಗಳನ್ನು ಎದುರಿಗಿಟ್ಟುಕೊಂಡು, ಯಾವುದಾದರೊಂದು ಸ್ವಲ್ಪ ಬೇರೆಯಾಗುವ ಕ್ಷಣಕ್ಕಾಗಿ ಕಾಯುತ್ತಾ ಕೂರುವುದು. ಮಧ್ಯಾಹ್ನ ಊಟವಾದ ಮೇಲೆ ಲ್ಯಾಬ್ ಖಾಲಿ ಇರುತ್ತದೆ. ಫ್ಯಾನು ತಿರುಗುತ್ತದೆ. ಕಿಟಕಿಯ ಸರಳಿನ ನೆರಳು ಕೀಬೋರ್ಡಿನ ಮೇಲೆ ನಿಧಾನಕ್ಕೆ ಸರಿಯುತ್ತದೆ. ಎಚ್ಚರವೋ ಕನಸೋ ಎನ್ನುವಂಥ ಹೊತ್ತು ಅದು.

ನಾನು ಹೇಳುತ್ತಿರುವುದು ಬರೆದದ್ದನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಮಿನ ವಿಷಯ. ಕನ್ನಡವನ್ನೂ ಓದುತ್ತದೆ, ಮೂಗಿನಲ್ಲಿ, ಭಾವವಿಲ್ಲದೆ, ಆದರೆ ತಪ್ಪಿಲ್ಲದೆ. ನಮ್ಮ ವಿತರಣೆಯ ಪ್ಯಾಕೇಜಿನಲ್ಲಿ ಅದು ಪ್ರತಿ ಸಾಲು ಮುಗಿದಾಗ ಅರೆ ಸೆಕೆಂಡು ನಿಲ್ಲುತ್ತಿತ್ತು. ಮೂಲದವರದ್ದು ನಿಲ್ಲುತ್ತಿರಲಿಲ್ಲ.

ಅಕ್ಕನ ಅಂಗಡಿ ಕಡಬ ಪೇಟೆಯಲ್ಲಿ, ಒಬ್ಬ ಟೈಲರಿನ ಪಕ್ಕದ ಸಣ್ಣ ಕೋಣೆ. ಅವರು ಸುಳ್ಯ ಕಡೆಯವರು, ಸಂಪಾಜೆಯಲ್ಲಿ ಹುಟ್ಟಿ ಕಡಬಕ್ಕೆ ಮದುವೆಯಾಗಿ ಬಂದವರು. ಮನೆಯಲ್ಲಿ ಆ ಕಡೆಯ ಅರೆಭಾಷೆ, ಅಂಗಡಿಯಲ್ಲಿ ಬಂದವರ ಭಾಷೆ. ಮದುವೆಯಾಗಿ ಎರಡನೇ ವರ್ಷಕ್ಕೆ ದೃಷ್ಟಿ ಹೋಯಿತಂತೆ. ಅದಕ್ಕೂ ಮೊದಲೇ ಟೈಪಿಂಗ್ ಕಲಿತಿದ್ದರು, ಬೆರಳು ಮರೆಯಲಿಲ್ಲ. ತಾಲೂಕು ಕಚೇರಿಗೆ ಅರ್ಜಿ ಕೊಡುವವರು ಬಂದು ಹೇಳುತ್ತಾರೆ, ಅಕ್ಕ ಟೈಪ್ ಮಾಡುತ್ತಾರೆ. ಪ್ರಿಂಟ್ ತೆಗೆಯುವ ಮೊದಲು ಕಂಪ್ಯೂಟರ್ ಅರ್ಜಿಯನ್ನು ಓದಿ ಹೇಳುತ್ತದೆ. ಹೇಳಿಸಿದವರು ಎದುರು ಬೆಂಚಿನಲ್ಲಿ ಕೂತು ಕೇಳಬೇಕು. ಸಾಲು ಸರಿ ಇದ್ದರೆ ‘ಹ್ಞೂಂ’ ಅನ್ನಬೇಕು, ತಪ್ಪಿದ್ದರೆ ‘ಅಲ್ಲ’.

ಓದುವಾಗ ಅಕ್ಕನ ಎರಡು ಕೈಗೂ ಕೆಲಸ. ಮುಂದೆ, ಕಾಗದ ಸಿಕ್ಕಿಸಿ ಚುಕ್ಕೆ ಚುಚ್ಚಿ ಬರೆಯುವ ಬ್ರೈಲ್ ಹಲಗೆ ಇರುತ್ತದೆ, ಅದರಲ್ಲಿ ಚೆನ್ನೆಮಣೆಯ ಹಾಗೆ ಸಾಲಾಗಿ ಸಣ್ಣ ಸಣ್ಣ ಮನೆಗಳು. ಅರ್ಜಿಯ ಒಂದು ಸಾಲಿಗೆ ಒಂದು ಮನೆ. ಎಡಗೈ ಬೆರಳು ಸಾಲಿಗೊಮ್ಮೆ ಒಂದು ಮನೆ ಮುಂದೆ ಹೋಗುತ್ತದೆ. ‘ಅಲ್ಲ’ ಎಂದು ಕೇಳಿದ ಕೂಡಲೇ ಬಲಗೈಯ ಕಡ್ಡಿ ಆ ಮನೆಯಲ್ಲಿ ಒಂದು ಚುಕ್ಕೆ ಚುಚ್ಚುತ್ತದೆ. ಓದಿ ಮುಗಿದ ಮೇಲೆ ಬೆರಳಾಡಿಸಿ, ಚುಕ್ಕೆ ಇದ್ದ ಸಾಲುಗಳಿಗೆ ಹೋಗಿ ತಿದ್ದುತ್ತಾರೆ. ಬೆರಳು ಸರಿಯುವುದು, ಎದುರಿನವರು ಹ್ಞೂಂ ಅನ್ನುವುದು, ಎಲ್ಲವೂ ಆ ಅರೆ ಸೆಕೆಂಡಿನಲ್ಲಿ ನಡೆಯುತ್ತಿತ್ತು. ನಾನು ಮೊದಲ ಸಲ ಅಲ್ಲಿ ಕೂತು ಕೇಳಿದಾಗ ಯಾರೋ ಯಾರಿಗೋ ಕಥೆ ಹೇಳುತ್ತಿದ್ದಾರೆ ಅನ್ನಿಸಿತ್ತು. ಯಂತ್ರ ಒಂದು ಸಾಲು, ಮನುಷ್ಯ ಒಂದು ಹ್ಞೂಂ, ಗೋಡೆಯಾಚೆ ಟೈಲರಿನ ಮಿಷನ್ನಿನ ಸದ್ದು.

ಆ ದಿನ ಅಕ್ಕ ನನಗೆ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟರು. ಆಮೇಲೆ ಪ್ರತಿ ವರ್ಷವೂ ಕೊಟ್ಟರು, ಆ ಮೌನಕ್ಕಾಗಿ.

ಈಚೆಗೆ ಆ ಪ್ರೋಗ್ರಾಮಿನ ಹೊಸ ಆವೃತ್ತಿ ಬಂತು. ವಿತರಣೆಯವರು ಕೇಳಿದರು: ಸಾಲಿನ ಕೊನೆಯ ಮೌನದ ತೇಪೆ ಇನ್ನೂ ಬೇಕೇ, ಮೂಲದ್ದರ ಜೊತೆ ಹೋಲಿಸಿ ಹೇಳಿ. ನಾನು ಮೂಲದವರ ಬರಹವನ್ನು ಇಳಿಸಿಕೊಂಡು, ಲ್ಯಾಬಿನ ಹಳೆಯ ಯಂತ್ರವೊಂದರಲ್ಲಿ ಕಟ್ಟಿ ಓಡಿಸಿದೆ. ಆವೃತ್ತಿ ಸಂಖ್ಯೆ ಕೇಳಿದರೆ ಹೊಸದನ್ನೇ ಹೇಳಿತು. ಕಣ್ಣು ಮುಚ್ಚಿ ಕೇಳಿದೆ. ಸಾಲು ಮುಗಿಯಿತು. ಮೌನ. ಮತ್ತೊಂದು ಸಾಲು. ಮತ್ತೆ ಮೌನ.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಎಷ್ಟೋ ವರ್ಷದ ಹಿಂದೆ ನನ್ನ ತೇಪೆಯನ್ನು ಮೂಲದವರಿಗೆ ಕಳಿಸಿದ್ದೆ, ಅವರು ಉತ್ತರ ಕೊಟ್ಟಿರಲಿಲ್ಲ. ಕೊನೆಗೂ ಸೇರಿಸಿಕೊಂಡಿದ್ದಾರೆ ಎಂದುಕೊಂಡೆ. ‘ಎರಡರಲ್ಲೂ ವ್ಯತ್ಯಾಸವಿಲ್ಲ, ತೇಪೆ ತೆಗೆಯಬಹುದು’ ಎಂದು ಬರೆದು ಕಳಿಸಿದೆ. ಕಳಿಸಿ, ತಲೆಯನ್ನು ಮೇಜಿಗಿಟ್ಟು ಒಂದು ಸಣ್ಣ ನಿದ್ದೆಯನ್ನೂ ಮಾಡಿದೆ. ಅದು ನೆನಪಿದೆ. ಅಥವಾ ಆ ನಿದ್ದೆ ಬೇರೆ ಯಾವುದೋ ಮಧ್ಯಾಹ್ನದ್ದು.

ಸ್ವಲ್ಪ ದಿನ ಕಳೆದು ಅಕ್ಕನ ಫೋನ್ ಬಂತು.

“ನಿನ್ನ ಮಿಷನ್ ಉಸಿರು ಬಿಡುದನ್ನೇ ಬಿಟ್ಟಿದೆ ಮಾರಾಯ್ತಿ.”

“ಎಂತ ಆಯ್ತು ಅಕ್ಕ?”

“ಮೊನ್ನೆ ಅದೆಂತದೋ ಅಪ್ಡೇಟ್ ಅಂತ ಬಂತು. ಆಮೇಲೆ ಒಂದೇ ಸಮ ಓದ್ತಾ ಹೋಗ್ತದೆ, ಕೊನೆ ಬಸ್ಸು ತಪ್ಪುತ್ತದೆ ಅಂತ ಓಡುವವರ ಹಾಗೆ. ನನ್ನ ಬೆರಳು ಎಲ್ಲಿ ಉಂಟು, ಸಾಲು ಎಲ್ಲಿ ಉಂಟು, ಒಂದೂ ಗೊತ್ತಾಗುದಿಲ್ಲ.”

“ಬಾಣದ ಕೀಲಿ ಒತ್ತಿದ್ರೆ ಒಂದೊಂದೇ ಸಾಲು ಓದ್ತದೆ ಅಲ್ವಾ?”

“ಒತ್ಲಿಕ್ಕೆ ಮೂರನೇ ಕೈ ಕಳಿಸಿ ಕೊಡು.”

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಉಪ್ಪಿನಂಗಡಿ ದಾಟಿ ರಾಮಕುಂಜದ ಕಡೆ ತಿರುಗಿದ ಮೇಲೆ ಯಾವಾಗಲೂ ನನಗೆ ಮಂಪರು ಬರುತ್ತದೆ. ರಬ್ಬರ್ ಮರಗಳ ಸಾಲು ಶುರುವಾದರೆ ಮುಚ್ಚಿದ ರೆಪ್ಪೆಯ ಮೇಲೆ ಬಿಸಿಲು, ನೆರಳು, ಬಿಸಿಲು, ನೆರಳು. ಅದರ ಅಳತೆಗೆ ಸರಿಯಾಗಿ ಯಾರೋ ಮೂಗಿನಲ್ಲಿ ಅರ್ಜಿ ಓದುತ್ತಿದ್ದರು: ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು. ಬಿಸಿಲು. ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ. ನೆರಳು. ಏನನ್ನು ಕೇಳಿಕೊಳ್ಳುತ್ತಿದ್ದರು ಎಂದು ತಿಳಿಯುವ ಮೊದಲೇ ಕಡಬ ಬಂತು, ಹೊರಗೆ ಜೀಪಿನವರು ಊರುಗಳ ಹೆಸರು ಕೂಗುತ್ತಿದ್ದರು.

ಅಂಗಡಿಯಲ್ಲಿ ಒಬ್ಬ ಅಜ್ಜ ಕೂತಿದ್ದರು. ಪಕ್ಕದ ಜಾಗದವರು ಬೇಲಿ ಸರಿಸಿದ್ದಾರೆ, ಅಳತೆ ಮಾಡಿಸಿ ಕೊಡಿ ಎಂದು ಅವರ ಅರ್ಜಿ. ಅಕ್ಕ ನನಗೆ ಬೆಂಚು ತೋರಿಸಿ ಓದಿಸಲು ಶುರು ಮಾಡಿದರು. ಜಾಗದ ನಾಲ್ಕು ಬದಿಗೆ ಏನೇನಿದೆ, ನೀರು ಹರಿಯುವ ತೋಡು ಯಾವ ಕಡೆಗೆ ಎಂದು ಹೇಳುವ ಸಾಲುಗಳು ಬಂದವು. ಉತ್ತರಕ್ಕೆ ತೋಡು ಇರುತ್ತದೆ ದಕ್ಷಿಣಕ್ಕೆ ಗುಡ್ಡೆ ಇರುತ್ತದೆ ಪೂರ್ವಕ್ಕೆ ಪಂಚಾಯತ್ ರಸ್ತೆ ಇರುತ್ತದೆ ಪಶ್ಚಿಮಕ್ಕೆ ರಬ್ಬರ್ ತೋಟ ಇರುತ್ತದೆ. ನಡುವೆ ಒಂದು ಸೂಜಿ ತೂರುವಷ್ಟು ಜಾಗ ಇರಲಿಲ್ಲ. ಅಜ್ಜ ಕೈ ಎತ್ತಿದರು, ಬಾಯಿ ತೆರೆದರು, ಕೊನೆಗೆ “ಅಲ್ಲ” ಎಂದರು. ಅಕ್ಕನ ಕಡ್ಡಿ ಟಕ್ಕೆಂದು ಒಂದು ಮನೆಯನ್ನು ಚುಚ್ಚಿತು.

ಓದಿ ಮುಗಿದ ಮೇಲೆ ಅಕ್ಕ ಹಲಗೆಯ ಮೇಲೆ ಬೆರಳಾಡಿಸಿ ಕೇಳಿದರು, “ಪಡುವ ಬದಿಗೆ ರಬ್ಬರ್ ತೋಟ ಅಲ್ವಾ ಅಜ್ಜ?”

“ಪಡುವಕ್ಕೆ ರಬ್ಬರೇ. ಅದು ಸರಿ ಉಂಟು.”

“ಮತ್ತೆ ಅಲ್ಲ ಅಂದ್ರಿ?”

“ತೋಡಿಗೆ ಅಲ್ಲ ಅಂದದ್ದು. ತೋಡು ತೆಂಕಕ್ಕೆ, ಬಡಗಿಗೆ ಗುಡ್ಡೆ.”

“ತೋಡು ಓದುವಾಗ ಹೇಳುದಲ್ವಾ?”

“ಹೇಳ್ಲಿಕ್ಕೆ ಬಾಯಿ ತೆಗೆದೆ. ಅದು ಬಿಡ್ಬೇಕಲ್ಲ. ಕೋರ್ಟಿನಲ್ಲಿ ವಕೀಲರು ಸಹ ನನ್ನನ್ನು ಇಷ್ಟು ಓಡಿಸ್ಲಿಲ್ಲ ಮಾರಾಯ್ರೆ.” ಅಜ್ಜ ನನ್ನ ಕಡೆ ತಿರುಗಿದರು. “ಮೊದಲು ಇದಕ್ಕೆ ಕಿವಿ ಇತ್ತು. ಈಗ ಬಾಯಿ ಮಾತ್ರ.”

ಅವರು ಸೋಮವಾರ ಮತ್ತೆ ಬರುತ್ತೇನೆ ಎಂದು ಎದ್ದು ಹೋದರು. ಹೋಗುವಾಗ ರಸ್ತೆಯಾಚೆ ಹೊಸದಾಗಿ ತೆರೆದ ಜೆರಾಕ್ಸ್ ಅಂಗಡಿಯ ಮುಂದೆ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ಅಲ್ಲಿ ನಿಂತ್ರು ಅಲ್ವಾ?” ಎಂದರು. “ಚಪ್ಪಲಿ ಸದ್ದು ನಿಂತದ್ದು ಕೇಳಿತು. ಕಳೆದ ವಾರ ಹೀಗೇ ಒಬ್ಬರ ಅರ್ಜಿ ತಪ್ಪಾಗಿ ಹೋಗಿ ಕಚೇರಿಯಿಂದ ವಾಪಾಸ್ ಬಂತು. ಅವರು ಮತ್ತೆ ಈ ಬಾಗಿಲಿಗೆ ಬರ್ಲಿಲ್ಲ. ಪಕ್ಕದಲ್ಲಿ ಕಣ್ಣಿದ್ದವರನ್ನು ಒಬ್ಬರನ್ನು ಕೂರಿಸು ಅಂತ ಮನೆಯಲ್ಲಿ ಹೇಳ್ತಾರೆ. ಕೂರಿಸಿದ್ರೆ ಅಂಗಡಿ ಅವರದ್ದು, ಕುರ್ಚಿ ಮಾತ್ರ ನನ್ನದು.”

ನಾನು ಅವರ ಯಂತ್ರವನ್ನು ನೋಡಿದೆ. ತೇಪೆ ತೆಗೆದ ಹೊಸ ಪ್ಯಾಕೇಜ್ ಬಂದು ಕೂತಿತ್ತು. ನನ್ನ ವರದಿಯನ್ನು ನಂಬಿ ತೆಗೆದದ್ದು. ಅದನ್ನು ಅಲ್ಲಿಯೇ ಹೇಳಬಹುದಿತ್ತು. “ನೋಡ್ತೇನೆ ಅಕ್ಕ” ಎಂದೆ. ಹಳೆಯ ಪ್ಯಾಕೇಜನ್ನು ಹುಡುಕಿ ಹಾಕಲು ನೋಡಿದೆ, ಬೇರೆ ಎರಡು ಪ್ರೋಗ್ರಾಮುಗಳು ಹೊಸದನ್ನೇ ಕೇಳಿ ಹಟ ಹಿಡಿದವು. ಬರಿಗೈಯಲ್ಲಿ ಬಸ್ಸು ಹತ್ತಿದೆ. ವಾಪಸು ಬರುವಾಗ ಮಂಪರು ಬರಲಿಲ್ಲ.

ಮರುದಿನ ಭಾನುವಾರ. ಲ್ಯಾಬಿನ ಒಂದು ಯಂತ್ರವನ್ನು ಪೂರ್ತಿ ಒರೆಸಿ, ಏನೂ ಇಲ್ಲದ ಸ್ಥಿತಿಗೆ ತಂದು, ಮೂಲದವರದ್ದನ್ನು ಮಾತ್ರ ಕಟ್ಟಿ ಓಡಿಸಿದೆ. ಮೌನ ಇರಲಿಲ್ಲ. ಸಾಲುಗಳು ಒಂದರ ಬೆನ್ನಿಗೊಂದು ಬಂದವು. ಹಾಗಾದರೆ ಅಂದು ನಾನು ಕಣ್ಣು ಮುಚ್ಚಿ ಕೇಳಿದ್ದು ಏನು?

ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಪ್ರೋಗ್ರಾಮ್ ಎರಡು ಭಾಗವಾಗಿದೆ. ಹೊರಗೆ ಕಾಣುವುದು ಒಂದು. ನಿಜವಾಗಿ ಸ್ವರ ಹೊರಡಿಸುವುದು ಲೈಬ್ರರಿ ಎನ್ನುವ ಇನ್ನೊಂದು ಕಡತ. ಅಂದು ಹೊರಭಾಗ ಮೂಲದವರದ್ದೇ ಆಗಿತ್ತು, ಹಾಗಾಗಿ ಹೊಸ ಸಂಖ್ಯೆ ಹೇಳಿತು. ಆದರೆ ಓಡುವಾಗ ಅದು ತನ್ನ ಲೈಬ್ರರಿಯನ್ನು ಬಿಟ್ಟು, ಆ ಯಂತ್ರದಲ್ಲಿ ಮೊದಲಿನಿಂದ ಇದ್ದ ವಿತರಣೆಯ ಲೈಬ್ರರಿಯನ್ನು ಎತ್ತಿಕೊಂಡಿತ್ತು. ಅಂದರೆ ನಾನು ಎರಡನ್ನು ಹೋಲಿಸಿರಲೇ ಇಲ್ಲ. ಒಂದನ್ನೇ ಎರಡು ಸಲ ಕೇಳಿ, ಎರಡೂ ಒಂದೇ ಎಂದು ಬರೆದಿದ್ದೆ. ಖಾಲಿ ಯಂತ್ರದಲ್ಲೇ ಪರೀಕ್ಷಿಸಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ನಾನೇ ಮಕ್ಕಳಿಗೆ ಹೇಳಿಕೊಡುವುದು. ಅಂದು ಅದು ಬೇಡ ಅನ್ನಿಸಿತ್ತು, ಏಕೆಂದರೆ ಕೇಳಬೇಕಾದದ್ದು ಕೇಳಿಸಿತ್ತು. ಮೂಲದವರಿಗೆ ಕಳಿಸಿದ್ದೆನಲ್ಲ.

ಕಳಿಸಿದ್ದೆನೇ? ಹಳೆಯ ಡೈರಿಗಳನ್ನು ತೆಗೆದೆ. ಸಿಕ್ಕಿತು. ಶಾಯಿ ಸ್ವಲ್ಪ ಹರಡಿದೆ, ಆದರೆ ಓದಬಹುದು: ‘ಸಾಲಿನ ಕೊನೆಯ ಮೌನದ ವಿಷಯ ಮೂಲದವರಿಗೆ ಕಳಿಸಬೇಕು.’ ಕಳಿಸಿದೆ ಎಂದು ಎಲ್ಲಿಯೂ ಇಲ್ಲ. ಕಳಿಸಿದ ಪತ್ರವೂ ಇಲ್ಲ.

ಆಮೇಲೆ ಪ್ಯಾಕೇಜಿನ ಬದಲಾವಣೆ ಪಟ್ಟಿಯನ್ನು ತೆರೆದೆ. ಯಾವ ತೇಪೆ, ಯಾರು, ಯಾಕೆ ಹಾಕಿದರು ಎಂದು ಪ್ರತಿಯೊಂದು ಪ್ಯಾಕೇಜಿಗೂ ಒಂದು ಪಟ್ಟಿ ಇರುತ್ತದೆ. ವರ್ಷಗಳ ಹಿಂದಕ್ಕೆ ಹೋದೆ. ಅಲ್ಲಿ ನನಗೆ ಪರಿಚಯವೇ ಇಲ್ಲದ ಯಾರೋ ಬರೆದಿದ್ದರು: ಹಳೆಯ ಯಂತ್ರಗಳಲ್ಲಿ ಸಾಲಿನ ಕೊನೆಯ ಅಕ್ಷರ ನುಂಗಿಹೋಗುತ್ತಿದೆ, ಸದ್ಯಕ್ಕೆ ಕೊನೆಗೊಂದು ಮೌನ ಸೇರಿಸಿದೆ. ಕೆಳಗೆ ಪರೀಕ್ಷಿಸಿದವರು ಎಂದು ನನ್ನ ಹೆಸರಿತ್ತು. ಅಷ್ಟೇ ನನ್ನ ಪಾಲು. ನಾನು ಅಕ್ಕನ ಅಂಗಡಿಗೆ ಮೊದಲು ಹೋದದ್ದು ಅದಾಗಿ ಎಂಟು ತಿಂಗಳಿಗೆ. ಅಕ್ಕನಿಗಾಗಿ ಯಾರೂ ಏನೂ ಮಾಡಿರಲಿಲ್ಲ. ನುಂಗಿಹೋದ ಅಕ್ಷರಕ್ಕೆ ಹಾಕಿದ ತೇಪೆಯೊಳಗೆ ಅವರು ತಮ್ಮ ಕೆಲಸವನ್ನು ತಾವೇ ಇಟ್ಟುಕೊಂಡಿದ್ದರು.

ಮೂಲದವರು ಈಗ ಆ ಅಕ್ಷರದ ತೊಂದರೆಯನ್ನು ಬೇರೆ ರೀತಿಯಲ್ಲಿ ಸರಿಮಾಡಿದ್ದಾರೆ. ಅದನ್ನೂ ಖಾಲಿ ಯಂತ್ರದಲ್ಲಿ ಕೇಳಿ ಖಚಿತಮಾಡಿಕೊಂಡೆ. ಹಾಗಾಗಿ ಪಟ್ಟಿಯ ಪ್ರಕಾರ ತೇಪೆಗೆ ಇನ್ನು ಕಾರಣವಿಲ್ಲ. ನಾನು ಬರೆದೆ: ನನ್ನ ಹಿಂದಿನ ವರದಿ ತಪ್ಪು, ಒಂದೇ ಲೈಬ್ರರಿಯನ್ನು ಎರಡು ಸಲ ಪರೀಕ್ಷಿಸಿದ್ದೆ. ತೇಪೆಗೆ ಪಟ್ಟಿಯಲ್ಲಿ ಬರೆಯದ ಇನ್ನೊಂದು ಕಾರಣ ಇದೆ. ಆಮೇಲೆ ಬ್ರೈಲ್ ಹಲಗೆ, ಎರಡು ಕೈ, ಹ್ಞೂಂ, ತೋಡು, ಎಲ್ಲ ಬರೆದೆ. ಈ ಸಲ ಮೂಲದವರಿಗೂ ಕಳಿಸಿದೆ. ಕಳಿಸಿದ ಪ್ರತಿಯನ್ನು ಪ್ರಿಂಟ್ ತೆಗೆದು ಡೈರಿಗೆ ಅಂಟಿಸಿದೆ.

ಉತ್ತರ ಎರಡೇ ದಿನಕ್ಕೆ ಬಂತು. ಮೂಲದವರಲ್ಲಿ ಒಬ್ಬರು ಕೇಳಿದ್ದರು: ಎಲ್ಲರಿಗೂ ಮೌನ ಹೇರುವುದು ಕಷ್ಟ, ಬೇಕಾದವರು ಬೇಕಾದಷ್ಟು ಇಟ್ಟುಕೊಳ್ಳುವ ಹಾಗೆ ಮಾಡಬಹುದು. ಆದರೆ ಎಷ್ಟು ಬೇಕು? ಅಳೆದು ಹೇಳುತ್ತೀರಾ? ಅಳೆಯಲೆಂದೇ ಪರೀಕ್ಷೆಯ ಪ್ರತಿಯೊಂದನ್ನು ಕಳಿಸಿದ್ದರು.

ಅಳೆಯಲು ಮತ್ತೆ ಕಡಬಕ್ಕೇ ಹೋಗಬೇಕಿತ್ತು. ಗುರುವಾರ ರಜೆ ಹಾಕಿ ಹೋದೆ. ಅಕ್ಕ ಒಬ್ಬರೇ ಇದ್ದರು. ಪರೀಕ್ಷೆಯ ಪ್ರತಿಯನ್ನು ಹಾಕುವ ಮೊದಲು ಎಲ್ಲವನ್ನೂ ಹೇಳಿದೆ. ತೇಪೆ ತೆಗೆಸಿದ್ದು ನಾನು. ಹಾಕಿದ್ದು ನಾನಲ್ಲ.

ಅಕ್ಕ ಕಡ್ಡಿಯನ್ನು ಹಲಗೆಯ ಬದಿಗಿಟ್ಟರು.

“ಹಾಗಾದ್ರೆ ಇಷ್ಟು ವರ್ಷದ ಹಪ್ಪಳ ವಾಪಾಸ್ ಕೊಡು.”

“ತಿಂದಾಯ್ತಲ್ಲ ಅಕ್ಕ.”

“ತಿಂದವರಿಗೆ ನಾಚಿಕೆ ಇಲ್ಲದ್ರೆ ಕೊಟ್ಟವಳಿಗೆ ಎಂತ.” ಆಮೇಲೆ ಕೇಳಿದರು, “ಈ ಮೂಲದವರು ಅಂದ್ರೆ ಯಾರು? ಎಲ್ಲಿ ಇರುದು?”

ಇಂಗ್ಲಿಷಿನಲ್ಲಿ ಅವರನ್ನು ಹೊಳೆಯ ಮೇಲ್ಭಾಗದವರು ಎನ್ನುವ ಅರ್ಥದಲ್ಲಿ ಕರೆಯುತ್ತಾರೆ ಎಂದೆ. ಅಕ್ಕನಿಗೆ ನಗು ಬಂತು.

“ಹಾಗಾದ್ರೆ ನಾವು ಸಂಪಾಜೆಯವರು ಅವರ ಹಾಗೆ. ನಾವು ಮೇಲೆ ಹೊಳೆಯಲ್ಲಿ ದನ ತೊಳೆಯುದು, ಕೆಳಗೆ ಸುಳ್ಯದವರಿಗೆ ಗೊತ್ತೇ ಇಲ್ಲ. ಅದೇ ನೀರಲ್ಲಿ ಮಿಂದು ಮದುವೆಗೆ ಹೋಗುದು.”

ನಾನು ಕೇಳಬೇಕೆಂದಿದ್ದುದನ್ನು ಕೇಳಿದೆ. “ಅದು ನಾನೇ ಮಾಡಿದ್ದು ಅಂತ ನಿಮ್ಗೆ ನಾನು ಯಾವಾಗ ಹೇಳಿದ್ದು ಅಕ್ಕ?”

“ನೀನು ಮೊದಲ ಸಲ ಬಂದಾಗ. ಇದು ಚಂದ ನಿಲ್ತದೆ ಅಂದೆ ನಾನು. ನೀನು, ನಾನೇ ಮಾಡಿದ್ದು ಅಂದೆ.” ಸ್ವಲ್ಪ ತಡೆದು, “ಅಂದ್ಯಾ? ಅಲ್ಲ, ನೀನೇ ಮಾಡಿದ್ದಾ ಅಂತ ನಾನು ಕೇಳಿದ್ದಾ? ನೀನು ಹ್ಞೂಂ ಅಂದಿರ್ಬೇಕು. ಈಗ ನೀನು ಹೀಗೆ ಕೇಳಿ ನನ್ನ ಮಂಡೆಯನ್ನೂ ಹಾಳು ಮಾಡಿದೆ.”

ಅಷ್ಟರಲ್ಲಿ ಅಜ್ಜ ಬಂದರು. ಸೋಮವಾರವೂ ಬಂದಿದ್ದರಂತೆ. ಮಿಷನ್ ಸರಿಯಾಗಲಿ, ಎರಡು ಮೂರು ದಿನ ಬಿಟ್ಟು ಬನ್ನಿ ಎಂದು ಅಕ್ಕ ಕಳಿಸಿದ್ದರಂತೆ. ಎದುರು ಅಂಗಡಿಗೆ ಹೋಗಲಿಲ್ಲವೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, “ಹೋಗಿದ್ದೆ. ಅಲ್ಲಿ ಓದಿ ಹೇಳುದೇ ಇಲ್ಲ, ಪ್ರಿಂಟ್ ಕೊಟ್ಟು ಕಳಿಸುದು. ನನಗೆ ಓದ್ಲಿಕ್ಕೆ ಬರುದಿಲ್ಲ ಅಂತ ಅವನ ಎದುರು ಹೇಳುದು ಹೇಗೆ?” ಎಂದರು.

ಅರ್ಧ ಸೆಕೆಂಡಿನಿಂದ ಶುರು ಮಾಡಿದೆವು. ಅಜ್ಜನ ಹ್ಞೂಂ ಮುಂದಿನ ಸಾಲಿನ ಮೇಲೆ ಬಿತ್ತು. ಇಷ್ಟು ವರ್ಷ ಅದು ಎಲ್ಲರಿಗೂ ಸಾಕಾಗಿತ್ತು ಎಂದುಕೊಂಡಿದ್ದೆ, ಅದೂ ಸುಳ್ಳು. ಇನ್ನಷ್ಟು ಹೆಚ್ಚಿಸಿದೆ. ಇನ್ನೂ ಸ್ವಲ್ಪ. ಒಂದು ಸೆಕೆಂಡಿಗೆ ಬಂದಾಗ ಅಜ್ಜ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅಕ್ಕ ತಲೆ ಆಡಿಸಿ, “ಅಜ್ಜನಿಗೆ ಒಂದು. ಟೈಲರಿಗೆ ಅರ್ಧ ಸಾಕು, ಅವನಿಗೆ ಯಾವಾಗಲೂ ಅರ್ಜೆಂಟ್” ಎಂದರು. ನಾನು ಬರೆದುಕೊಂಡೆ.

ತಿದ್ದಿದ ಅರ್ಜಿಯನ್ನು ಮೊದಲಿನಿಂದ ಓದಿಸಿದರು. ಮಾನ್ಯರೇ. ಹ್ಞೂಂ. ಅಕ್ಕನ ಬೆರಳು ಒಂದು ಮನೆ ಸರಿಯಿತು. ಗೋಡೆಯಾಚೆ ಹೊಲಿಗೆ ನಿಂತು ಮತ್ತೆ ಶುರುವಾಯಿತು. ಬಾಗಿಲ ಬಿಸಿಲು ಹಲಗೆಯವರೆಗೆ ಬಂದಿತ್ತು. ಉತ್ತರಕ್ಕೆ ಗುಡ್ಡೆ ಇರುತ್ತದೆ. ಹ್ಞೂಂ. ದಕ್ಷಿಣಕ್ಕೆ ತೋಡು ಇರುತ್ತದೆ.

ಇಲ್ಲಿ ಅಜ್ಜ ಏನೂ ಅನ್ನಲಿಲ್ಲ. ಯಂತ್ರವೂ ಸುಮ್ಮನಿತ್ತು. ಕಡ್ಡಿ ಗಾಳಿಯಲ್ಲಿ ನಿಂತಿತ್ತು. ಆ ಒಂದು ಸೆಕೆಂಡು ನನ್ನ ಪಾಲಿಗೆ ಬಹಳ ಉದ್ದವಾಗಿತ್ತು. ಅಜ್ಜ ಆ ತೋಡಿನ ಬದಿಯಲ್ಲಿ ಎಲ್ಲೋ ನಡೆಯುತ್ತಿದ್ದಿರಬೇಕು. ಆಮೇಲೆ ತುಂಬ ಮೆತ್ತಗೆ, “ಹ್ಞೂಂ” ಎಂದರು.

ಅಕ್ಕ ಕಡ್ಡಿಯನ್ನು ಇಳಿಸದೆ, ಎಡಗೈ ಬೆರಳನ್ನು ಮುಂದಿನ ಮನೆಗೆ ಸರಿಸಿದರು.